ಕಡೇ ಸ್ಟಾಪಿನಲ್ಲಿ ಹೇಳಿದ ಸುಳ್ಳು

ಅಪ್ಪಾ,

ನಾನು ನಿನಗೆ ಪತ್ರ ಬರೆದವಳೇ ಅಲ್ಲ. ದಿನಕ್ಕೊಮ್ಮೆ ಫೋನು ಮಾಡಿ ‘ಊಟ ಆತೇನಪಾ’ ಎಂದು ಕೇಳಿದರೆ ಮಗಳ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಮನೆಯಲ್ಲಿ ಯಾರೂ ಇಲ್ಲ. ಹೋದ ತಿಂಗಳು ಕೊರಿಯಾದಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅದಕ್ಕೂ ಮೊದಲು, ನೀನು ದುಬೈಗೆ ಬಂದಿದ್ದ ಆ ಚಳಿಗಾಲ. ಎತ್ತರದ ಕಟ್ಟಡ, ಮಾಲು, ಕಾರಂಜಿ ಎಲ್ಲ ತೋರಿಸಿದೆವು. ನೀನು ಎಲ್ಲದಕ್ಕೂ ‘ಛಲೋ ಐತಿ’ ಎಂದೆ. ನಿನ್ನ ಕಣ್ಣು ಮಾತ್ರ ಅಲ್ ಕುಸೈಸಿನ ನಮ್ಮ ಬಾಲ್ಕನಿಯ ಕೆಳಗಿನ ಬಸ್ ಸ್ಟಾಪಿನ ಮೇಲೆ. ಮೂವತ್ತೊಂದು ವರ್ಷ ಸವಣೂರು ಸುತ್ತಲಿನ ಹಳ್ಳಿಗಳಿಗೆ ಸರ್ಕಾರಿ ಬಸ್ ಓಡಿಸಿದವನಿಗೆ ಬೇರೆ ಏನು ಕಂಡೀತು?

“ಒಂದಿನಾ ನೀನೂ ಬಾರವ್ವಾ ನನ್ನ ಜೋಡಿ. ಕಡೀ ಸ್ಟಾಪ್ ತನಾ ಹೋಗಿ ಬರೂಣು,” ಎಂದೆ ನೀನು.

“ಈ ವಾರ ಬ್ಯಾಡಪಾ, ಕೆಲಸ ಐತಿ. ಮುಂದಿನ ವಾರ ನೋಡೂಣು.”

ಮುಂದಿನ ವಾರವೂ ನನ್ನ ಬಾಯಲ್ಲಿ ಅದೇ ಮಾತು.

ಆ ಬುಧವಾರ ನೆನಪಿದೆಯಾ? ನಾನು ಸಿಲಿಕಾನ್ ಓಯಸಿಸ್‌ನ ಆಫೀಸಿನಲ್ಲಿ, ಆಸ್ಪತ್ರೆಯೊಂದಕ್ಕೆ ಕಳಿಸಬೇಕಿದ್ದ ರಕ್ತಪರೀಕ್ಷೆಯ ಯಂತ್ರ ಬಿಚ್ಚಿಕೊಂಡು ಕೂತಿದ್ದೆ. ಮನೆಯಿಂದ ಇವರ ಫೋನು: “ಮಾವ ಕಾಣಿಸ್ತಿಲ್ಲ. ಮೊಬೈಲ್ ಇಲ್ಲೇ ಬಿಟ್ಟು ಹೋಗಿದ್ದಾರೆ.” ಕೆಲಸ ಬಿಟ್ಟು ಓಡಿ ಬಂದೆ. ಎರಡು ಗಂಟೆ ಹುಡುಕಿದೆವು. ಕೊನೆಗೆ ನೀನು ಸಿಕ್ಕಿದ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ. ಪಕ್ಕದಲ್ಲಿ ಕಾಸರಗೋಡಿನ ಒಬ್ಬ ಮಲಯಾಳಿ ಡ್ರೈವರು, ಇಬ್ಬರ ಕೈಯಲ್ಲೂ ಪೇಪರ್ ಕಪ್ಪಿನ ಚಹಾ. ನೀನು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿ ಅವನಿಗೆ ಏನೋ ತೋರಿಸುತ್ತಿದ್ದೆ, ನಗುತ್ತಿದ್ದೆ. ದುಬೈಗೆ ಬಂದ ಮೇಲೆ ನೀನು ಹಾಗೆ ನಕ್ಕದ್ದು ಅದೇ ಮೊದಲು. ಅದನ್ನು ನೋಡಿದ ಮೇಲೂ ನಾನು...

“ಎಷ್ಟ ಸಲ ಹೇಳ್ಬೇಕು ನಿನಗ? ಇದೇನ್ ಸವಣೂರ ಬಸ್‌ಸ್ಟ್ಯಾಂಡ್ ಅನ್ಕೊಂಡಿಯೇನು? ಇಲ್ಲಿಗೆ ಬಂದ್ರೂ ಡ್ರೈವರ್ ಬುದ್ಧಿ ಬಿಡವಲ್ಲಿ ನೋಡು ನೀ!”

ಆ ಮನುಷ್ಯ ಗಾಬರಿಯಾಗಿ ಎದ್ದು ನಿಂತ. “ಮೇಡಂ, ಗುಸ್ಸಾ ಮತ್ ಕರೋ. ಅಂಕಲ್ ತೋ ಉಸ್ತಾದ್ ಹೈ,” ಎಂದ, ನೀನು ಅವನ ಗುರುವೆನ್ನುವ ಹಾಗೆ. ನಾನು ಅವನ ಮುಖವನ್ನೂ ನೋಡಲಿಲ್ಲ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ‘ಡ್ರೈವರ್’ ಅನ್ನುವ ಮಾತು ಯಾವ ಭಾಷೆಯಲ್ಲಿ ತಿಳಿಯುವುದಿಲ್ಲ? ನೀನು ಅರ್ಧ ಉಳಿದ ಚಹಾವನ್ನು ಬೆಂಚಿನ ಮೇಲಿಟ್ಟೆ. “ತಪ್ಪಾತವ್ವಾ. ನಡಿ,” ಎಂದೆ. ಅಷ್ಟೇ.

ಉಳಿದ ಹನ್ನೊಂದು ದಿನ ನೀನು ಕೆಳಗಿಳಿಯಲಿಲ್ಲ. ಬಾಲ್ಕನಿಗೂ ಹೋಗಲಿಲ್ಲ. ಮೊಮ್ಮಗಳು ಕರೆದರೆ ಮೊಣಕಾಲು ನೋವೆಂದೆ. ಊರಿಗೆ ಹೋಗಿ ಏಳು ತಿಂಗಳಿಗೆ, ಒಂದು ಬೆಳಗಿನ ಎದೆನೋವಿನಲ್ಲಿ ಹೊರಟೇಹೋದೆ. ಆ ಏಳು ತಿಂಗಳೂ ನಾವು ದಿನಾ ಮಾತಾಡಿದೆವು. ಮಳೆ, ಮೆಣಸಿನಕಾಯಿ ರೇಟು, ನಿನ್ನ ಬೀಪಿ ಗುಳಿಗೆ. ಆ ಬುಧವಾರದ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ನೀನು ಮರೆತಿದ್ದೀಯ ಎಂದು ನಂಬುವುದು ನನಗೆ ಸುಲಭವಾಗಿತ್ತು.

ಹೋದ ತಿಂಗಳು ಕಂಪನಿಯವರು ಹೊಸ ಯಂತ್ರದ ತರಬೇತಿಗೆಂದು ಕೊರಿಯಾಕ್ಕೆ ಕಳಿಸಿದರು. ಸಣ್ಣ ಪಟ್ಟಣ. ಭಾನುವಾರ ರಜೆ. ಹೋಟೆಲಿನ ಎದುರಿಗೇ ಬಸ್‌ಸ್ಟ್ಯಾಂಡು. ಸಂತೆ ಮುಗಿಸಿದ ಮುದುಕಿಯರು ಗಂಟು, ಕೈಗಾಡಿ ಎಳೆದುಕೊಂಡು ಒಂದು ಬಸ್ಸು ಹತ್ತುತ್ತಿದ್ದರು. ಎಲ್ಲಿಗೆ ಹೋಗುತ್ತದೆಂದು ಕೇಳದೆ ನಾನೂ ಹತ್ತಿದೆ. ಹೀಗೇ ಅಲ್ ಕುಸೈಸಿನಲ್ಲೂ ಹತ್ತಬಹುದಿತ್ತಲ್ಲ ಅಪ್ಪಾ, ನೀನು ಇದ್ದಾಗ?

ಬಿಳಿ ಕೈಗವಸು ತೊಟ್ಟ ಡ್ರೈವರು, ಅರವತ್ತರ ಹತ್ತಿರದವನು. ಒಬ್ಬೊಬ್ಬ ಮುದುಕಿಯೂ ಕೂತಳೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡಿಯೇ ಗೇರು ಹಾಕುತ್ತಿದ್ದ. ಊರು ದಾಟಿದ ಮೇಲೆ ಕೊಯ್ಲಾದ ಭತ್ತದ ಗದ್ದೆ, ಎಲೆ ಉದುರಿಸಿಕೊಂಡು ಬರೀ ಕಿತ್ತಳೆ ಬಣ್ಣದ ಹಣ್ಣು ಹೊತ್ತ ಮರಗಳು, ರಸ್ತೆ ಬದಿಯ ಚಾಪೆಗಳ ಮೇಲೆ ಕೆಂಪಗೆ ಒಣಗುತ್ತಿದ್ದ ಮೆಣಸಿನಕಾಯಿ. ನಮ್ಮ ಕಡೆಯ ಹಾಗೇ. ಒಂದು ಕಡೆ ಬಸ್ಸು ಸುಮ್ಮನೆ ನಿಂತಿತು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಪಕ್ಕದ ಅಜ್ಜಿ ನನ್ನ ಮೊಬೈಲಿಗೆ ಏನೋ ಹೇಳಿದಳು, ಅದು ಕನ್ನಡ ಮಾಡಿ ತೋರಿಸಿತು: ‘ಅವಳ ಕಾಲು ನಿಧಾನ. ಬರುತ್ತಾಳೆ.’ ದೂರದ ಏರಿನಲ್ಲಿ ಒಬ್ಬಾಕೆ ಸೊಂಟ ಬಗ್ಗಿಸಿಕೊಂಡು ಬರುತ್ತಿದ್ದಳು. ಡ್ರೈವರು ಇಳಿದು ಹೋಗಿ ಅವಳ ಗಂಟು ಹೊತ್ತು ತಂದ. ಯಾರೂ ಗೊಣಗಲಿಲ್ಲ.

ಕಡೇ ಸ್ಟಾಪು ಹಳ್ಳಿಯ ಸಮುದಾಯ ಭವನದ ಮುಂದೆ. ಬಸ್ಸು ಹೊರಡಲು ಅರ್ಧ ಗಂಟೆಯಿತ್ತು. ಅಜ್ಜಿಯರು ಕೈಹಿಡಿದು ಒಳಗೆ ಎಳೆದುಕೊಂಡು ಹೋದರು. ಬೆಚ್ಚಗಿನ ನೆಲ, ಗಿಡ್ಡ ಮೇಜು, ಎಲ್ಲರಿಗೂ ಒಟ್ಟಿಗೆ ಊಟ. ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ನನಗೆಂದು ಅನ್ನ, ಸೊಪ್ಪು, ಬೇಯಿಸಿದ ಗೆಣಸು ಬಂತು. ಡ್ರೈವರೂ ನಮ್ಮ ಮೇಜಿನಲ್ಲೇ ಕೂತ. ಯಾಕೋ ತಡೆಯಲಾಗಲಿಲ್ಲ, ಮೊಬೈಲಿನಲ್ಲಿ ಬರೆದೆ: ‘ನನ್ನ ತಂದೆಯೂ ಹಳ್ಳಿ ಬಸ್ಸಿನ ಡ್ರೈವರು.’ ದುಬೈಯಲ್ಲಿ ಯಾರಾದರೂ ಕೇಳಿದರೆ ‘ಸರ್ಕಾರಿ ನೌಕರಿ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದವಳು ನಾನು.

ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ಎಷ್ಟು ವರ್ಷ ಎಂದು ಕೇಳಿದ. ಮೂವತ್ತೊಂದು. ಅಪಘಾತ? ಒಂದೂ ಇಲ್ಲ. ಅವನು ಕೂತಲ್ಲೇ ತಲೆಬಾಗಿ ವಂದಿಸಿದ. ನನಗಲ್ಲ, ನಿನಗೆ. ಅಜ್ಜಿಯರು ನನ್ನ ಬೆನ್ನು ಸವರಿದರು.

ಆಮೇಲೆ ಅವನ ಪ್ರಶ್ನೆ ಪರದೆಯ ಮೇಲೆ ಬಂತು: ‘ತಂದೆಯವರು ಈಗ ಹೇಗಿದ್ದಾರೆ?’

ನಾನು ಬರೆದೆ: ‘ಊರಿನಲ್ಲಿದ್ದಾರೆ. ಆರಾಮಾಗಿದ್ದಾರೆ.’

‘ಇಲ್ಲ’ ಎಂದು ಬರೆಯಲು ಬೆರಳು ಬರಲಿಲ್ಲ ಅಪ್ಪಾ. ‘ಮುಂದಿನ ಸಲ ಕರೆದುಕೊಂಡು ಬನ್ನಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ತೋರಿಸುತ್ತೇನೆ,’ ಎಂದು ಅವನು ಭವನದ ವಿಳಾಸ ಬರೆದುಕೊಟ್ಟ. ‘ಖಂಡಿತ,’ ಎಂದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಅವನು ಕನ್ನಡಿಯಲ್ಲಿ ನೋಡಿದನೋ ಏನೋ, ರೇಡಿಯೋದ ಸದ್ದು ತಗ್ಗಿಸಿದ.

ಕೊರಿಯಾದ ಆ ಹಳ್ಳಿಯಲ್ಲಿ ನೀನಿನ್ನೂ ಇದ್ದೀಯ. ನಿನಗಾಗಿ ಒಂದು ಸೀಟು ಕಾದಿದೆ. ಈ ಬೆಳಿಗ್ಗೆ ಅವನಿಗೆ ನಿಜ ಬರೆಯೋಣವೆಂದು ಕೂತೆ. ಎರಡು ಸಾಲು ಬರೆದ ಮೇಲೆ, ಕ್ಷಮೆ ಕೇಳಬೇಕಾದದ್ದು ಮೊದಲು ಅವನನ್ನಲ್ಲ ಎಂದು ತಿಳಿಯಿತು. ತಪ್ಪಾಯಿತು, ಅಪ್ಪಾ. ನಾಳೆ ಅವನಿಗೆ ಬರೆಯುತ್ತೇನೆ: ನೀನು ಇಲ್ಲವೆಂದು, ಮತ್ತು ನೀನು ಇದ್ದಾಗ ನಾನು ಏನು ಅಂದಿದ್ದೆ ಎಂದು.

ನಿನ್ನ ಮಗಳು,
ಸುಮಾ