ಗಂಗಕ್ಕನ ಹಾಡಿಗೆ ಗಂಗಕ್ಕನ ಹೆಸರು

ಗಂಗಕ್ಕಾ,

ನಿನ್ನ ತಮ್ಮ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ. ನೀನಂತೂ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಅಲ್ಲಿ ಯಾರಿಂದಾದರೂ ಓದಿಸಿಕೋ.

ಮೊನ್ನೆ ಇಲ್ಲಿ ಅಮೆರಿಕದಲ್ಲಿ ಗಿಲ್‌ರಾಯ್ ಊರಿನಿಂದ ಲಿವರ್‌ಮೋರಿಗೆ, ಬೀಗರ ಮನೆಯ ಅರಿಶಿನ ಶಾಸ್ತ್ರಕ್ಕೆ ಹೊರಟಿದ್ದೆವು. ಕಾರು ನಡೆಸುತ್ತಿದ್ದವಳು ಮೊಮ್ಮಗಳು ಮೇಘಾ. ಫ್ರೀವೇ ತುಂಬ ಗಾಡಿಗಳು. ಅವಳು ಯಾವುದೋ ಜಪಾನಿ ಹಾಡು ಹಚ್ಚಿದಳು.

‘ಬಂದ್ ಮಾಡ ಅದನ್ನ. ಒಂದ್ ಅಕ್ಷರ ತಿಳೀವಲ್ದು’ ಎಂದು ರೇಗಿದೆ.

‘ಅಜ್ಜಾ, ಜಸ್ಟ್ ಲಿಸನ್. ಈ ಆಲ್ಬಮ್ ಫುಲ್ ಅವಳೇ ಮಾಡಿದ್ದು.’

‘ಹಾಡಿದಾಕಿ ಆಕಿ ಅಂತ ನನಗೂ ಕೇಳಸ್ತದ. ಕಿವುಡ ಅಲ್ಲ ನಾ.’

‘ನೋ ಅಜ್ಜಾ. ಬರೆದದ್ದು, ಟ್ಯೂನ್ ಮಾಡಿದ್ದು, ಯಾವ ಸೌಂಡ್ ಇರಬೇಕು, ಯಾವುದು ಬೇಡ, ಎವ್ರಿಥಿಂಗ್. ಪ್ರೊಡ್ಯೂಸರ್ ಕೂಡ ಅವಳೇ.’

ಕಿವಿಗೊಟ್ಟೆ. ಮುಂದಿನ ಹಾಡು ಶುರುವಾಗುವ ಮುಂಚೆ ಆಕೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅದನ್ನೂ ತೆಗೆಯದೆ ಬಿಟ್ಟಿದ್ದಾಳೆ. ಬೀಸುಕಲ್ಲಿನ ಮುಂದೆ ನೀನೂ ಹೀಗೇ ಉಸಿರೆಳೆಯುತ್ತಿದ್ದೆಯಲ್ಲ... ಆಕೆಯ ಭಾಷೆ ಗೊತ್ತಿಲ್ಲ, ಮುಖ ನೋಡಿಲ್ಲ. ಒಬ್ಬ ಹೆಂಗಸು ತನ್ನ ಉಸಿರಿನಿಂದ ಹಿಡಿದು ಹೆಸರಿನವರೆಗೆ ಎಲ್ಲಕ್ಕೂ ‘ಇದು ನನ್ನದು’ ಎನ್ನಬಹುದೇ ಯಕ್ಕಾ?

ಮದುವೆಮನೆಗಳಲ್ಲಿ ಅರಿಶಿನ ಬೀಸುವಾಗ ನೀನು ಹಾಡುತ್ತಿದ್ದೆ. ಕಲ್ಲೇ, ಮೆಲ್ಲಗೆ ತಿರುಗು, ಅರಿಶಿನ ಮುಗಿದರೆ ಮಗಳು ಹೊರಟುಹೋಗುತ್ತಾಳೆ ಎಂಬ ಹಾಡು. ಹೆಂಗಸರು ಕಣ್ಣೊರೆಸಿಕೊಂಡು, ಎಲ್ಲಿ ಕಲಿತೆ ಎಂದರೆ, ‘ಹಳೇದವ್ವಾ, ನಮ್ಮಜ್ಜಿ ಕಾಲದ್ದು’ ಎನ್ನುತ್ತಿದ್ದೆ. ಅದನ್ನು ನೀನು ಹಿತ್ತಲಲ್ಲಿ ಕುಳಿತು ಕಟ್ಟುವಾಗ ಕೇಳಿದವನು ನಾನೊಬ್ಬನೇ. ‘ಸುಳ್ಳ ಯಾಕ ಹೇಳ್ತಿ?’ ಎಂದಿದ್ದಕ್ಕೆ ನೀನು ನನ್ನ ಬೆನ್ನಿಗೆ ಗುದ್ದಿದೆ. ‘ನಾ ಕಟ್ಟೀನಂದ್ರ ಯಾರ ಹಾಡ್ತಾರೋ? ಹಳೇದಂದ್ರ ಊರೇ ಹಾಡ್ತದ. ಬಾಯಿ ಬಿಟ್ಟರ ನನ್ನಾಣೆ.’

ನೀನು ತೀರಿಹೋದ ಮೇಲೂ ಆ ಆಣೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಲಿವರ್‌ಮೋರಿನ ಹಾಲ್‌ನಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವಾಗ, ಧಾರವಾಡದ ಕಡೆಯ ಹೆಂಗಸೊಬ್ಬಳು ಮೈಕ್ ಹಿಡಿದು ಹಾಡಿದ್ದು ಯಾವುದು ಹೇಳು? ಅದೇ, ನಿನ್ನದೇ. ನಾನಾದರೆ ವಿಮಾನದಲ್ಲಿ ಬಂದೆ. ನಿನ್ನ ಹಾಡು ಹೇಗೆ ಬಂತು? ಮುಗಿಸಿ ಆಕೆ ಹೇಳಿದಳು, ‘ಇದು ಟ್ರೆಡಿಶನಲ್ಲು. ಯಾರು ಕಟ್ಟಿದ್ದೋ ಯಾರಿಗೂ ಗೊತ್ತಿಲ್ಲ.’

ಎದ್ದು ನಿಂತೆ. ‘ನನಗ ಗೊತ್ತದ.’

ಮೇಘಾ ತೋಳು ಜಗ್ಗಿದಳು. ‘ಅಜ್ಜಾ, ಪ್ಲೀಸ್, ಜಗಳ ಬೇಡ.’

ಜಗಳವಾಡಲಿಲ್ಲ. ನಿನ್ನ ಹೆಸರು ಹೇಳಿದೆ. ಅಪ್ಪನ ಹೆಸರೂ ಸೇರಿಸಲಿಲ್ಲ, ಗಂಡನ ಹೆಸರೂ ಸೇರಿಸಲಿಲ್ಲ. ಹೇಳಿದ ಮೇಲೆ ಮಾತ್ರ ನಿನ್ನ ಮಾತು ನೆನಪಾಯಿತು. ಗೊತ್ತಾದರೆ ಯಾರೂ ಹಾಡುವುದಿಲ್ಲ ಎಂದು ನೀನು ಹೆದರಿದ್ದೆಯಲ್ಲ, ಅದೇ ಆಗಿಬಿಟ್ಟರೆ...

ಆ ಹೆಂಗಸು ನನ್ನನ್ನೇ ನೋಡಿದಳು. ಆಮೇಲೆ ಮೈಕ್ ಎತ್ತಿಕೊಂಡು, ‘ಹಂಗಾರ ಇದು ಗಂಗಕ್ಕನ ಹಾಡು, ಕೇಳ್ರಿ’ ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಆಕೆ ಉಸಿರೆಳೆದುಕೊಂಡದ್ದು ಇಡೀ ಹಾಲ್‌ಗೆ ಕೇಳಿಸಿತು.

ಆಣೆ ಮುರಿದೆ ಯಕ್ಕಾ. ನಾನು ಅಲ್ಲಿಗೆ ಬಂದಾಗ ಗುದ್ದುವಿಯಂತೆ.