ಗಿರಿಯಮ್ಮಜ್ಜಿಯ ಪುಡಿಯಲ್ಲಿ ಇದ್ದದ್ದು

ಹೊನ್ನಾವರ ಮೇಲ್ದಂಡೆ,
ಮಾಘ ಮಾಸ, ಎರಡು ಸಾವಿರದ ನೂರ ಎಂಬತ್ತೇಳು

ಗಿರಿಯಮ್ಮಜ್ಜಿಗೆ,

ನಾನು ನಿಮ್ಮ ಮರಿಮಗಳ ಮರಿಮಗಳು, ಸೋಮಕ್ಕ. ನಡುವೆ ನೂರ ಅರವತ್ತು ವರ್ಷ ಇರುವುದರಿಂದ ಕೆಲವು ಶಬ್ದ ನಿಮಗೆ ವಿಚಿತ್ರ ಕಂಡೀತು, ಕ್ಷಮಿಸಿ. ಶಾಲೆಯಲ್ಲಿ ಕಲಿತದ್ದಕ್ಕಿಂತ ಆಸ್ಪತ್ರೆಯ ಬೋರ್ಡು ಓದಿ ಕಲಿತದ್ದೇ ಹೆಚ್ಚು. ಸಿಟ್ಟು ಮಾತ್ರ ಹಳೆಯ ಕಾಲದ್ದೇ, ನಿಮಗೆ ಅರ್ಥವಾಗುತ್ತದೆ.

ಜ್ವರಕ್ಕೆಂದು ನೀವು ಮಾಡಿದ ಬೇರಿನ ಪುಡಿ ಇಂದಿಗೂ ಮನೆಯಲ್ಲಿ ತಯಾರಾಗುತ್ತದೆ. ಒಳಗೆ ಏನಿದೆಯೆಂದು ಬಾಯಿಬಿಟ್ಟರೆ ಗುಣ ಹೋಗುತ್ತದೆ ಎಂಬ ನಿಮ್ಮ ಕಟ್ಟಳೆಯೂ ಇದೆ. ಮನೆಯ ಹಿರಿಯ ಹೆಂಗಸು ಮುಂದಿನವಳ ಕಿವಿಯಲ್ಲಿ ಮಾತ್ರ ಹೇಳಬೇಕು. ಈಗ ಆ ಗುಟ್ಟು ನನ್ನ ಹತ್ತಿರ, ಪುಡಿ ಅರೆಯುವವಳೂ ನಾನೇ.

ನನ್ನ ಮೊಮ್ಮಗಳು ರತ್ನಿಗೆ ಜ್ವರ ಬಂತು. ಅವಳ ತಾಯಿ ಕಮಲಿ ಅಂಗಡಿಯ ಮಾತ್ರೆಯನ್ನು ಮಿತಿಯಲ್ಲೇ ಕೊಟ್ಟಳು, ಜೊತೆಗೆ ದಿನಕ್ಕೆ ಮೂರು ಸಲ ನಿಮ್ಮ ಪುಡಿ. ಐದನೇ ದಿನ ಹುಡುಗಿಯ ಕಣ್ಣು ಅರಿಶಿನ. ಯಕೃತ್ತು ಕೈಬಿಟ್ಟಿತೆಂದು ತೀವ್ರನಿಗಾ ಕೋಣೆಗೆ ಹಾಕಿದರು. ಅಲ್ಲಿ ಹೊರಯಕೃತ್ತು ಇದೆ. ಊಟದ ಕ್ಯಾರಿಯರಿನಷ್ಟು ಪೆಟ್ಟಿಗೆ, ಮಂಚದ ಪಕ್ಕ ಕೂತು ರಕ್ತ ತೊಳೆಯುತ್ತದೆ. ಮಿದುಳು ಊದಿಕೊಳ್ಳಬಾರದೆಂದು ಮಂಚದ ತಲೆಭಾಗ ಎತ್ತಿಟ್ಟಿದ್ದರು. ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುವುದು, ಎಬ್ಬಿಸಿ ಹೆಸರು ಕೇಳುವುದು, ಕೈ ಚಾಚಿಸಿ ನಡುಕ ನೋಡುವುದು. ಮಲಗಿದ ಮಗುವನ್ನು ಎಬ್ಬಿಸುತ್ತಾರೆಂದು ಕಮಲಿ ನರ್ಸಿಗೆ ಬೈದಳು. ಈ ಕಾಯಿಲೆಯ ನಿದ್ದೆ ನಿದ್ದೆಯಲ್ಲಮ್ಮ ಎಂದು ಆ ಪುಣ್ಯಾತ್ಗಿತ್ತಿ ಎಷ್ಟು ಸಲ ಹೇಳಬೇಕು.

ಪುಡಿಯಲ್ಲಿ ಏನಿದೆಯೆಂದು ಡಾಕ್ಟರ್ ಜಬೀನಾ ನನ್ನನ್ನು ನಾಲ್ಕು ಸಲ ಕೇಳಿದರು. "ಅಜ್ಜಿ, ಯಂತ್ರಕ್ಕೆ ರಕ್ತ ತೊಳೆಯೋದು ಗೊತ್ತು. ನಿಮ್ಮ ಮನೆ ಗುಟ್ಟು ಗೊತ್ತಿಲ್ಲ." ನಾನು ಸೂರು ನೋಡಿದೆ. ಅರವತ್ತೊಂಬತ್ತು ವರ್ಷದ ಕತ್ತೆ ನಾನು, ಅರ್ಧ ದಿನ ಸೂರು ನೋಡಿದೆ.

ಮಧ್ಯಾಹ್ನ ನರ್ಸು ಎಬ್ಬಿಸಿದಾಗ ರತ್ನಿ ನನ್ನ ಕಡೆ ಬೆರಳು ಮಾಡಿದಳು. "ಈ ಮುದುಕಿ ಯಾರು?"

ಹುಟ್ಟಿದ ದಿನದಿಂದ ಎಣ್ಣೆ ಹಚ್ಚಿ ಮೀಯಿಸಿದವಳು ನಾನು. ಅಲ್ಲೇ ಎಲ್ಲರೆದುರು ಹೇಳಿಬಿಟ್ಟೆ. ಅರ್ಧ ಬೇರು, ಅರ್ಧ ಅದೇ ಅಂಗಡಿಯ ಜ್ವರದ ಮಾತ್ರೆ ಅರೆದದ್ದು. ಮಗುವಿಗೆ ಹೋದದ್ದು ಮಿತಿಯ ಎರಡು ಪಟ್ಟಿಗಿಂತ ಮೇಲೆ. ಮಿತಿ ಮೀರಿದರೆ ಆ ಮಾತ್ರೆಯೇ ಯಕೃತ್ತಿಗೆ ವಿಷವಂತೆ. ಡಾಕ್ಟರ್ ಆಗಲೇ ಪ್ರತಿಮದ್ದಿಗೆ ಹೇಳುತ್ತಿದ್ದರು. ಬೇಗ ಸಿಕ್ಕಷ್ಟೂ ಒಳ್ಳೆಯದಾಗುವ ಮದ್ದಂತೆ. ನಿಮ್ಮ ಕಾಲದಲ್ಲೂ ಇತ್ತಂತೆ! ನೂರ ಅರವತ್ತು ವರ್ಷದಿಂದ ಇರುವ ಮದ್ದು ನನ್ನ ಬಾಯಿಗಾಗಿ ಕಾಯುತ್ತಿತ್ತು.

ಏನಜ್ಜಿ ನಿಮ್ಮದು? ಬೇರಿಗೆ ಹೆಸರು ಬರಲೆಂದು ಮಾತ್ರೆ ಬೆರೆಸಿದಿರಿ. ಆಗಲಿ, ಬೆರೆಸಿದಿರಿ. ಬಾಯಿ ಯಾಕೆ ಕಟ್ಟಿದಿರಿ?

ಇಂದು ಆಸ್ಪತ್ರೆಗೆ ಸೇರಿಸಿ ಆರನೇ ದಿನ. ಯಕೃತ್ತು ತಾನಾಗಿ ಚಿಗುರುತ್ತಿದೆಯಂತೆ. ಬೆಳಿಗ್ಗೆ ರತ್ನಿ ಕಣ್ಣುಬಿಟ್ಟು, "ಸೋಮಜ್ಜಿ, ದೂರ ಕೂತ್ಕೋ, ಮೀನು ವಾಸ್ನೆ" ಎಂದಳು. ನಾನು ಇನ್ನೂ ಹತ್ತಿರ ಕೂತೆ.

ಮನೆಗೆ ಬಂದು ಪುಡಿ ಚೆಲ್ಲಿದೆ. ಖಾಲಿ ಡಬ್ಬಿಯ ಮುಚ್ಚಳದ ಮೇಲೆ ಒಳಗೆ ಏನಿತ್ತು, ಎಷ್ಟಿತ್ತು ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ನೇತುಹಾಕಿದ್ದೇನೆ. ನಿಮ್ಮ ಕಾಲದಲ್ಲಿ ಆ ಡಬ್ಬಿ ಇನ್ನೂ ಹೊಸದು. ಇವತ್ತೇ ಬರೆಯಿರಿ. ಬರೆಯಲು ಬಾರದಿದ್ದರೆ ಅಂಗಳಕ್ಕೆ ಬಂದು ಕೂಗಿ ಹೇಳಿ. ಗುಣ ಹೋಗುವುದಾದರೆ ಹೋಗಲಿ.

ನಿಮ್ಮ ಮೇಲೆ ಸಿಟ್ಟೂ ಪ್ರೀತಿಯೂ ಇರುವ,
ಸೋಮಕ್ಕ ಹರಿಕಂತ್ರ