ಬಲಗಡೆಯ ಮೊದಲ ಕಲ್ಲು

ಆಳಂದ
ಶುಕ್ರವಾರ, ೧೭ ಡಿಸೆಂಬರ್ ೧೯೪೮
ಊರಿನ ಮೂಡಲ ಅಗಸಿಬಾಗಿಲು ಬಿಚ್ಚಲು ಸುರು ಮಾಡಿ ಇಂದಿಗೆ ಇಪ್ಪತ್ತಾರು ದಿನ. ತಿರುಗಿ ಕಟ್ಟುವ ಕೆಲಸ ನಿಂತು ಒಂಬತ್ತು ದಿನ.

ತೀರ್ಥರೂಪ ಅಪ್ಪನವರ ಪಾದಗಳಿಗೆ ದೌಲತನ ಶರಣು.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದರೇ? ತಂಗಿ ಕಸ್ತೂರಿಯ ಕಾಗದದಲ್ಲಿ ಮೊದಲನೆಯ ಕಣ್ಣಿಗೆ ಬೆಳಕು ಚೆನ್ನಾಗಿ ಕಾಣುತ್ತದೆ ಎಂದಿತ್ತು. ಮಗ್ಗುಲಾಗದೆ ಮಲಗಿರೆಂದರೆ ನೀವು ಡಾಕ್ಟರರೊಡನೆ ವಾದಕ್ಕಿಳಿದಿರಿ ಎಂದೂ ಇತ್ತು. ದಯಮಾಡಿ ಅವರು ಹೇಳಿದಂತೆ ಇರಿ. ಸೊಲ್ಲಾಪುರದಲ್ಲಿ ಥಂಡಿ ಹೇಗಿದೆ? ಇಲ್ಲಿ ಬೆಳಗಿನ ಹೊತ್ತು ಕಂಬಳಿ ಬೇಕು. ಅವ್ವನ ಮಂಡಿನೋವು ಕಡಿಮೆಯಾಗಿದೆ. ತೊಗರಿ ಕಾಯಿ ಕಟ್ಟಿದೆ. ಬೇಸಿಗೆಯ ಗಲಭೆಯಲ್ಲಿ ಊರು ಬಿಟ್ಟವರು ಒಬ್ಬೊಬ್ಬರಾಗಿ ಬಂದು ಬೀಗ ತೆಗೆಯುತ್ತಿದ್ದಾರೆ. ನಮ್ಮ ಓಣಿಯಲ್ಲಿ ಇನ್ನು ಎರಡೇ ಮನೆ ಬಾಕಿ. ಬಜಾರಿನಲ್ಲಿ ಜನ ಮೊದಲಿನಂತೆ ಗಟ್ಟಿಯಾಗಿ ಮಾತಾಡುತ್ತಾರೆ. ಇದನ್ನು ನಿಮಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು.

ಅಗಸಿಯ ವಿಷಯ ಕೇಳಿದ್ದೀರಿ. ನೀವು ಆಸ್ಪತ್ರೆಗೆ ಹೋದ ಮೇಲೆ ಏನೇನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಲಾರಿ ಹೋಗುವಷ್ಟು ರಸ್ತೆ ಅಗಲವಾಗಬೇಕು ಎಂಬುದರಲ್ಲಿ ಹೊಸ ಕಮಿಟಿಯಲ್ಲಿ ಎರಡು ಮಾತಿರಲಿಲ್ಲ. ಅಗಸಿ ಒಡೆದು ಕಲ್ಲನ್ನು ಹೊಸ ಮಾರ್ಕೆಟ್ಟಿನ ಪಾಯಕ್ಕೆ ಹಾಕೋಣ ಎಂಬುದು ಅಧ್ಯಕ್ಷರಾದ ಗೋವಿಂದರಾವ್ ವಕೀಲರ ಮಾತು. ನೀವು ಹೇಳಿ ಬರೆಸಿದ ಕಾಗದವನ್ನು ನಾನು ಸಭೆಯಲ್ಲಿ ಓದಿದೆ: ಅಗಸಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಇಪ್ಪತ್ತು ಹೆಜ್ಜೆ ಸರಿಸಿ, ರಸ್ತೆಯ ಬಗಲಿಗೆ ಮತ್ತೆ ನಿಲ್ಲಿಸಬಹುದು, ಇನ್ನು ಮುಂದೆ ಊರಿನ ಯಾವುದೇ ಹಳೆಯ ಕಟ್ಟಡ ಮುಟ್ಟುವ ಮೊದಲು ಮೂವರು ಪಂಚರು ನೋಡಿ ಸಹಿ ಮಾಡಬೇಕು. ಎರಡನ್ನೂ ಒಪ್ಪಿದರು. ಪಂಚರಲ್ಲಿ ನನ್ನನ್ನೂ ಒಬ್ಬನನ್ನಾಗಿ ಹಾಕಿದರು. ಸಂಕ್ರಾಂತಿಯೊಳಗೆ ಅಗಸಿ ನಿಲ್ಲದಿದ್ದರೆ ಕಲ್ಲು ಮಾರ್ಕೆಟ್ಟಿನ ಪಾಯಕ್ಕೆ ಹೋಗುತ್ತದೆ, ಇದು ವಕೀಲರು ಹಾಕಿದ ಷರತ್ತು.

ಬಿಚ್ಚುವ ಕೆಲಸ ನಿಮ್ಮ ಗೌಂಡಿ ಮಲಂಗಸಾಬನದು. ನಮ್ಮ ಮನೆ ಕಟ್ಟಿದಾಗ ಅವನನ್ನು ನೋಡಿದವರು ನೀವು, ನಿಮಗೆ ನಾನೇನು ಹೇಳಲಿ. ಒಂದು ಕಲ್ಲನ್ನೂ ಸುಮ್ಮನೆ ಎತ್ತಲಿಲ್ಲ. ಪ್ರತಿ ಕಲ್ಲಿನ ಮೇಲೆ ಕೆಮ್ಮಣ್ಣಿನಿಂದ ಎರಡು ಅಂಕಿ ಬರೆದ: ಎಷ್ಟನೆಯ ಸಾಲು, ಆ ಸಾಲಿನಲ್ಲಿ ಎಷ್ಟನೆಯ ಕಲ್ಲು. ಅದನ್ನೇ ಉರ್ದುವಿನಲ್ಲಿ ಒಂದು ವಹಿ ಪುಸ್ತಕಕ್ಕೆ ಇಳಿಸಿದ. ಕೊನೆಯ ಕಲ್ಲು ನೆಲಕ್ಕೆ ಬಂದ ದಿನ ವಕೀಲರು, ಕಟ್ಟುವ ಕೆಲಸ ಅಫಜಲಪುರದ ಗೌಂಡಿಗಳಿಗೆ ಕೊಟ್ಟಾಗಿದೆ ಎಂದು ಅವನಿಗೆ ತಿಳಿಸಿದರು. ಯಾಕೆ ಎಂದು ಅವನು ಕೇಳಲಿಲ್ಲ. ನಿಜಾಮರ ರಾಜ್ಯ ಹೋದ ಮೇಲೆ ಅವನ ಜನ ಯಾಕೆ ಎಂದು ಕೇಳುವುದನ್ನು ಬಿಟ್ಟಿದ್ದಾರೆ. ವಹಿಯನ್ನು ನನ್ನ ಕೈಗಿಟ್ಟು, ಹೆಂಡತಿ ಕುಲಸುಮಬಿಯನ್ನು ಇಲ್ಲೇ ಬಿಟ್ಟು, ಕಿಣ್ಣಿ ಸುಲ್ತಾನದಲ್ಲಿರುವ ಮಗಳ ಮನೆಗೆ ಹೋದ.

ಅಫಜಲಪುರದವರಿಗೆ ಉರ್ದು ಬಾರದು. ಆ ವಹಿಯನ್ನು ನಾನು ಕನ್ನಡದಲ್ಲಿ ನಕಲು ಮಾಡಿಕೊಟ್ಟೆ. ಸಾಲು ಸಾಲಾಗಿ ಗೆರೆ ಎಳೆದು, ಚೌಕ ಹಾಕಿ, ಅಂಕಿ ತುಂಬಿಸಿ, ನೋಡಿದವರು ಅಚ್ಚು ಹಾಕಿದಂತಿದೆ ಎನ್ನುವ ಹಾಗೆ ಮಾಡಿದೆ. ಮೊದಲ ಎರಡು ಸಾಲು ಸಾದಾ ಕಲ್ಲು, ಹೆಚ್ಚುಕಡಿಮೆ ಒಂದೇ ಅಳತೆಯವು. ಅಷ್ಟಿಷ್ಟು ಸಂದಿ ಬಿಟ್ಟರೂ ಕೂತವು. ಮೂರನೆಯ ಸಾಲಿನಿಂದ ಬಳ್ಳಿಯ ಕೆತ್ತನೆ ಸುರುವಾಗುತ್ತದಲ್ಲ, ಅಲ್ಲಿ ಕೆಟ್ಟಿತು. ಒಂದು ಕಲ್ಲಿನ ಬಳ್ಳಿ ಮೇಲೆ ಹೋದರೆ ಪಕ್ಕದ ಕಲ್ಲಿನದು ಕೆಳಗಿನಿಂದ ಬರುತ್ತದೆ. ಎಲೆ ಇದ್ದಲ್ಲಿ ದೇಟಿಲ್ಲ. ಗೌಂಡಿಗಳು ಎರಡು ದಿನ ಕೂಡಿಸಿ ನೋಡಿ ಕರಣಿ ಕೆಳಗಿಟ್ಟರು. ಬಜಾರಿನಲ್ಲಿ ನನ್ನನ್ನು ಕಂಡವರು, ಅಗಸಿ ಎಷ್ಟು ಎತ್ತರ ಆತ್ರಿ ಗೌಡ್ರ ಎಂದು ಕೇಳಿ ನಗುತ್ತಿದ್ದರು.

ಕಳೆದ ಸೋಮವಾರದ ಸಭೆಯಲ್ಲಿ ವಕೀಲರು ಬೇರೆ ಏನೂ ವಿಚಾರಿಸಲಿಲ್ಲ. “ಬೇಕಂತ್ಲೇ ತಪ್ಪು ಬರದಾನ. ಕಟ್ಟೋ ಕೆಲಸ ತನ್ನ ಕೈ ತಪ್ಪಿತಲ್ಲ, ಅದರ ಸಿಟ್ಟು,” ಎಂದರು. ಒಬ್ಬಿಬ್ಬರು ತಲೆಯಾಡಿಸಿದರು. ನಾನು ಸುಮ್ಮನೆ ಕೂತಿದ್ದೆ. ಮಲಂಗಸಾಬ ಹಾಗೆ ಮಾಡುವವನಲ್ಲ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದು ಎರಡೂ ವಹಿಗಳನ್ನು ಅಂಕಿಗೆ ಅಂಕಿ ಹೋಲಿಸಿದೆ, ಒಂದು ತಪ್ಪೂ ಸಿಗಲಿಲ್ಲ.

ನಿನ್ನೆ ಮಧ್ಯಾಹ್ನ ಎರಡೂ ವಹಿ ಹಿಡಿದುಕೊಂಡು ಕುಲಸುಮಬಿಯ ಮನೆಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮೊದಲು ನಿಮ್ಮ ಕಣ್ಣಿನ ಬಗ್ಗೆ ಕೇಳಿದಳು, ಅವ್ವನ ಮಂಡಿಯ ಬಗ್ಗೆ ಕೇಳಿದಳು, ಆಮೇಲೆ ಬಂದ ಕೆಲಸ ಹೇಳಿರಿ ಎಂದಳು. ಅವಳಿಗೆ ಓದಲು ಬಾರದು. ನನ್ನ ನಕಲನ್ನು ತೆರೆದು, ಇದು ಸಾಲು, ಇದು ಮೊದಲನೆಯ ಕಲ್ಲು ಎಂದು ಎಡಗಡೆಯ ಚೌಕದ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ನನ್ನ ಬೆರಳನ್ನೇ ನೋಡಿದಳು. “ಮೊದಲನೇ ಕಲ್ಲು ಬಲಗಡೀದ್ರಿ. ಕೆಮ್ಮಣ್ಣಿನ ಗಡಿಗಿ ಹಿಡ್ಕೊಂಡು ನಾನೇ ಬಾಜೂಕ ನಿಂತಿದ್ದೆ. ಪಾಟಿ ಮ್ಯಾಲ ಹ್ಯಾಂಗ ಬರೀತಾರೋ ಹಂಗ ನಮ್ಮ ಮನಿಯವರು ಬಲಕ್ಕಿಂದ ಎಡಕ್ಕ ಹೋದ್ರು. ಎಂಟು ವರ್ಷ ಉರ್ದು ಸಾಲಿ ಕಲ್ತೀರಿ, ಯಾವ ಕಡಿಂದ ಬರೀತಾರಂತ ಮರತ್ರೇನು ಗೌಡ್ರ?”

ಅಪ್ಪಾ, ನಾನು ಒಂದೊಂದು ಅಕ್ಷರವನ್ನೂ ಸರಿಯಾಗಿ ಓದಿದ್ದೆ. ಬರೆಯುವ ಕೈಯಷ್ಟೇ ಅಲ್ಲ, ಅವನ ಕಾಲೂ ಬಲದಿಂದಲೇ ಹೊರಟಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಅಗಸಿಯನ್ನು ನಾನು ಅದರ ಕನ್ನಡಿಯ ಬಿಂಬದಂತೆ ಕಟ್ಟಿಸುತ್ತಿದ್ದೆ.

ಇಂದು ಬೆಳಿಗ್ಗೆ ಮೂರನೆಯ ಸಾಲನ್ನು ನೆಲದ ಮೇಲೆ ಬಲದಿಂದ ಜೋಡಿಸಿ ನೋಡಿದೆವು. ಹದಿನಾಲ್ಕು ಕಲ್ಲು. ಬಳ್ಳಿ ಒಂದೇ ಓಟದಲ್ಲಿ ಈ ತುದಿಯಿಂದ ಆ ತುದಿಗೆ ಹೋಯಿತು. ನಡುವೆ ನಾನು ಎಂದೂ ಗಮನಿಸಿರದ ಒಂದು ಗಿಳಿ, ಎರಡು ಕಲ್ಲಿನಲ್ಲಿ ಅರ್ಧರ್ಧ. ಅಫಜಲಪುರದ ಹಿರಿಯ ಗೌಂಡಿ ರುಮಾಲು ತೆಗೆದು ಕಲ್ಲಿನ ಧೂಳು ಒರೆಸಿದ. ಗೋಡೆ ತಾವು ಎಬ್ಬಿಸಬಲ್ಲೆವು, ಆದರೆ ಆ ಕಮಾನನ್ನು ಬಿಚ್ಚಿದವನೇ ಬಂದು ಕೂಡಿಸಿದರೆ ಸಂಕ್ರಾಂತಿಗೆ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಅವನೇ ಹೇಳಿದ. ಕಮಾನಿನ ಕೆಳಗೆ ಕೊಡುವ ಕಟ್ಟಿಗೆಯ ಆಸರೆಯ ಅಳತೆ ಮಲಂಗಸಾಬನ ತಲೆಯಲ್ಲಿದೆ, ವಹಿಯಲ್ಲಿಲ್ಲ.

ಇನ್ನೂ ನಾಲ್ಕು ವಾರವಿದೆ. ನೀವು ಬರುವ ಹೊತ್ತಿಗೆ ಅಗಸಿ ನಿಂತಿರಬೇಕು ಎಂಬ ಆಸೆ ನನ್ನದು. ಅವ್ವ ನಿಮಗೆ ಊಟದ ವಿಷಯದಲ್ಲಿ ಹಟ ಮಾಡಬೇಡಿ ಎಂದು ಹೇಳಿದ್ದಾಳೆ. ಕಸ್ತೂರಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಎರಡೂ ಕಣ್ಣು ತಿಳಿಯಾಗಲೆಂದು ಬಸವಣ್ಣನಲ್ಲಿ ಬೇಡುತ್ತೇನೆ.

ನಿಮ್ಮ ಮಗ
ದೌಲತರಾಯ

ತಾ.ಕ. — ಕಸ್ತೂರಿ, ಇದನ್ನು ಬಿಡದೆ ಅಪ್ಪನವರಿಗೆ ಓದಿ ಹೇಳು. ಅಪ್ಪಾ, ಸೋಮವಾರದ ಸಭೆಯಲ್ಲಿ ಸುಮ್ಮನೆ ಕೂತಿದ್ದೆ ಎಂದು ಮೇಲೆ ಬರೆದೆ. ಅಷ್ಟೇ ಅಲ್ಲ. ಮಲಂಗಸಾಬ ದುರುದ್ದೇಶದಿಂದ ತಪ್ಪು ಅಂಕಿ ಬರೆದನೆಂಬುದೇ ಸಭೆಯ ನಿರ್ಣಯವೆಂದು ಠರಾವು ಬರೆದರು, ಪಂಚನೆಂದು ನಾನು ಅದರ ಕೆಳಗೆ ಸಹಿ ಹಾಕಿದೆ. ನಿನ್ನೆ ಕುಲಸುಮಬಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಈ ಸೋಮವಾರ ಸಭೆಯಲ್ಲಿ ಎದ್ದುನಿಂತು, ಮಲಂಗಸಾಬನ ವಹಿ ಸರಿ, ತಪ್ಪಿದ್ದು ನನ್ನ ನಕಲು ಎಂದು ಹೇಳಿ ಆ ಠರಾವನ್ನು ಹೊಡೆದುಹಾಕಿಸುತ್ತೇನೆ. ವಕೀಲರು ನನ್ನನ್ನು ಪಂಚರಿಂದ ತೆಗೆಯಬಹುದು, ತೆಗೆದರೂ ಹೇಳುತ್ತೇನೆ. ಮಂಗಳವಾರ, ಹೊಡೆದುಹಾಕಿದ ಆ ಠರಾವಿನ ನಕಲು ಹಿಡಿದು ಕಿಣ್ಣಿ ಸುಲ್ತಾನಕ್ಕೆ ಹೋಗಿ ಅವನನ್ನು ಕರೆಯುತ್ತೇನೆ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಅವ್ವನಿಗೂ ಇನ್ನೂ ಹೇಳಿಲ್ಲ, ನಿಮಗೇ ಮೊದಲು.